ನಾಲ್ಕನೇ ವಾಲ್ವಿನ ಬಗ್ಗೆ ಎರಡು ಮಾತು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ನಾಳೆ ಬೆಳಗ್ಗೆ ಹತ್ತಕ್ಕೆ ಕೂಡುವ ಆಯ್ಕೆ ಸಮಿತಿಗೂ ತಾವೇ ಅಧ್ಯಕ್ಷರಾದ್ದರಿಂದ ಇನ್ನೊಮ್ಮೆ ಮಾನ್ಯ ಅಧ್ಯಕ್ಷರೇ, ದೂರದಿಂದ ಬಂದಿರುವ ಮುಖ್ಯ ಅತಿಥಿಗಳೇ, ಇಂದು ಸೇವೆಯಿಂದ ನಿವೃತ್ತರಾಗುತ್ತಿರುವ, ನಾವೆಲ್ಲ ಪ್ರೀತಿಯಿಂದ ‘ಹೀಲಿಯಮ್ಮ’ ಎಂದು ಕರೆಯುವ ಹಿರಿಯ ತಂತ್ರಜ್ಞೆಯವರೇ, ಮುಂದಿನ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಿರುವ ನನ್ನ ಶ್ರೀಮತಿಯವರೇ, ಸಭಿಕರೇ.

ಈ ಮೈಕು ಸರಿಯಾಗಿದೆಯೇ? ಹಿಂದಿನವರಿಗೆ ಕೇಳುತ್ತಿದೆಯೇ? ಕೇಳುತ್ತಿದೆ ಎಂದು ಕೈ ಎತ್ತಿದವರು ನಿಜವಾಗಿ ಕೇಳಿಯೇ ಎತ್ತಿದಿರೋ, ಬೇಗ ಮುಗಿಯಲಿ ಎಂದು ಎತ್ತಿದಿರೋ, ನನಗೆ ಗೊತ್ತಿಲ್ಲ. ಇರಲಿ.

ಮೊದಲು ಒಂದು ಸಂದೇಹ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ನಿವೃತ್ತನಾದ ನನ್ನನ್ನು ಈ ಬೀಳ್ಕೊಡುಗೆಗೆ ಕರೆದು ಮಾತಾಡಿಸುವ ಉಪಾಯ ಯಾರದು? ಹೊಸ ಕಟ್ಟಡಕ್ಕೆ ಹೊಸ ಅಯಸ್ಕಾಂತ ಬರುತ್ತಿದೆ. ಅದನ್ನು ಮೊದಲ ಬಾರಿ ತಣ್ಣಗಾಗಿಸಿ, ಹೊಸಬರಿಗೆ ಕೆಲಸ ಕಲಿಸಲು ನಿವೃತ್ತರೊಬ್ಬರನ್ನು ನಾಳೆ ಆರಿಸುತ್ತಾರೆ. ಸಮಿತಿಯ ಮುಂದಿರುವುದು ಎರಡೇ ಹೆಸರು. ಒಂದು ಇವರದು. ಇನ್ನೊಂದು ನನ್ನದು. ಎದುರಾಳಿಯ ಬಾಯಿಂದಲೇ ಹೊಗಳಿಕೆ ಹೊರಡಿಸುವುದು ಎಂಥ ಜಾಣತನ! ಇದು ಹೀಲಿಯಮ್ಮನವರದೇ ಯೋಚನೆ ಎಂದು ಭಾನುವಾರದವರೆಗೂ ನಾನು ನಂಬಿದ್ದೆ. ಆಮೇಲೆ ವಿಚಾರಿಸಿದರೆ, ಹೆಸರು ಸೂಚಿಸಿದ್ದು ಕಚೇರಿಯ ಗುಮಾಸ್ತರಂತೆ. ಅವರಿಗೆ ಬೇರೆ ಯಾರ ಫೋನ್ ನಂಬರೂ ಸಿಗಲಿಲ್ಲವಂತೆ.

ಕುಟುಂಬದವರು ಬಂದಿದ್ದೀರಿ, ಆದ್ದರಿಂದ ನಮ್ಮ ಕೆಲಸವೇನೆಂದು ಸ್ವಲ್ಪ ಹೇಳುತ್ತೇನೆ. ಹಳೆಯ ಕಟ್ಟಡದಲ್ಲಿರುವ ನಮ್ಮ ಅಯಸ್ಕಾಂತದೊಳಗೆ ಮೈಲುಗಟ್ಟಲೆ ತಂತಿ ಸುತ್ತಿದೆ. ಅದನ್ನು ಸೊನ್ನೆಗಿಂತ ಇನ್ನೂರ ಅರವತ್ತೊಂಬತ್ತು ಡಿಗ್ರಿ ಕೆಳಗಿಟ್ಟರೆ ವಿದ್ಯುತ್ತು ಎಳ್ಳಷ್ಟೂ ಅಡ್ಡಿಯಿಲ್ಲದೆ ಹರಿಯುತ್ತದೆ. ಅತಿವಾಹಕ ಎಂದರೆ ಅದೇ. ನಾವು ಅಷ್ಟು ತಣ್ಣಗಿಡುವುದು ದ್ರವ ಹೀಲಿಯಮ್ಮಿನಲ್ಲಿ ಮುಳುಗಿಸಿ. ಅದು ಸದಾ ಆವಿಯಾಗುತ್ತಲೇ ಇರುತ್ತದೆ. ಆ ಆವಿಯನ್ನು ಕೊಳವೆಯಲ್ಲಿ ಹಿಡಿದು ತಂದು ಮತ್ತೆ ದ್ರವ ಮಾಡಬೇಕು. ಮಟ್ಟ ತೀರ ಇಳಿದು ತಂತಿ ತುಸು ಬಿಸಿಯಾಯಿತೋ, ಇದ್ದಬದ್ದ ಹೀಲಿಯಂ ಎಲ್ಲ ಒಂದೇ ಗಳಿಗೆಯಲ್ಲಿ ಕುದಿದು ಚಾವಣಿಯ ಕೊಳವೆಯಿಂದ ಮೋಡವಾಗಿ ಹೊರಟುಹೋಗುತ್ತದೆ. ಮತ್ತೆ ಮೊದಲಿನಿಂದ ಶುರು.

ಈ ಹೀಲಿಯಮ್ಮಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಸೋರಿದರೆ ಸದ್ದಿಲ್ಲ. ಅನುಮಾನದ ಮನುಷ್ಯನ ಕೈಗೆ ಇಂಥ ವಸ್ತುವನ್ನು ಕೊಡಲೇಬಾರದಿತ್ತು.

ಯಾಕೆಂದರೆ ಸ್ವಭಾವತಃ ನಾನು ಎರಡು ಸಲ ನೋಡುವವನು. ಮನೆಯಿಂದ ಹೊರಟರೆ ಬೀಗ ಹಾಕಿ ಎಳೆಯುತ್ತೇನೆ. ಬೀದಿಯ ತಿರುವಿಗೆ ಹೋಗಿ ವಾಪಸು ಬಂದು ಮತ್ತೆ ಎಳೆಯುತ್ತೇನೆ. ಹಾಗೆ ಎಳೆದೂ ಎಳೆದೂ ಮೂರು ಬೀಗ ಕಿತ್ತು ಬಂದಿವೆ. “ಕಳ್ಳ ಬಂದ್ರೂ ಇಷ್ಟು ಬೀಗ ಮುರೀತಿರ್ಲಿಲ್ಲ ರೀ” ಎಂದು ನನ್ನ ಶ್ರೀಮತಿ ಹೇಳುತ್ತಾರೆ. ನಗಬೇಡಿ. ನೀವು ನಗುವುದನ್ನು ನೋಡಿದರೆ, ಈಕೆ ಮೊದಲೇ ನಿಮಗೆಲ್ಲ ಹೇಳಿಟ್ಟಿದ್ದಾಳೆಂದು ಕಾಣುತ್ತದೆ.

ಹದಿನಾಲ್ಕು ವರ್ಷ ನಾನು ಶೀತಲೀಕರಣ ವಿಭಾಗದ ಮುಖ್ಯಸ್ಥ, ಇವರು ನನ್ನ ಕೈಕೆಳಗೆ. ಆ ಹದಿನಾಲ್ಕು ವರ್ಷವೂ ಹೀಲಿಯಂ ಸೋರಿತು. ಮಹಾ ಸೋರಿಕೆಯಲ್ಲ. ಎರಡು ಮೂರು ತಿಂಗಳಿಗೊಮ್ಮೆ ಮಟ್ಟ ಕುಸಿಯುವುದು, ಒಂದು ವಾರ ಎಲ್ಲರ ಎದೆ ಬಡಿದುಕೊಳ್ಳುವುದು, ಮತ್ತೆ ತಾನಾಗಿ ಸರಿಹೋಗುವುದು. ತಾನಾಗಿ ಯಾವುದಾದರೂ ಸರಿಹೋಗುತ್ತದೆಯೇ? ನೀವೇ ಹೇಳಿ. ಇದರ ಹಿಂದೆ ಒಂದು ಕೈ ಇರಲೇಬೇಕು ಎಂದುಕೊಂಡೆ. ಕೊಳವೆಗಳ ಹತ್ತಿರ ಓಡಾಡುತ್ತಿದ್ದ ಕೈ ಒಂದೇ, ಹೀಲಿಯಮ್ಮನವರದು.

ನಾನು ಕಾವಲು ಕೂತೆ. ವಾಲ್ವುಗಳಿಗೆ ಸೀಮೆಸುಣ್ಣದ ಗುರುತು ಹಾಕಿದೆ. ಸಲಕರಣೆಯ ಬೀರುವನ್ನು ಯಾರಾದರೂ ತೆರೆದರೆ ತಿಳಿಯಲೆಂದು ಬಾಗಿಲಿಗೆ ನನ್ನ ತಲೆಗೂದಲು ಅಂಟಿಸಿದೆ. ಆಗ ಕೂದಲಿತ್ತು. ಇವರು ಸಂಜೆ ಐದಕ್ಕೆ ಕೈತೊಳೆದು ಹೊರಟ ಮೇಲೆ ಒಂದೊಂದೇ ವಾಲ್ವನ್ನು ಮುಟ್ಟಿ ನೋಡುತ್ತಿದ್ದೆ. ಅದರಲ್ಲಿ ನಾಲ್ಕನೆಯದರ ಮೇಲೆ ನನಗೆ ವಿಶೇಷ ಗುಮಾನಿ. ಆವಿ ವಾಪಸು ಬರುವ ಕೊಳವೆಯಿಂದ ಹೊರಗಿನ ಗಾಳಿಗೆ ತೆರೆಯುವ ವಾಲ್ವು ಅದೊಂದೇ. ಇವರು ಅದನ್ನು ಎರಡೇ ಬೆರಳಲ್ಲಿ ಮುಚ್ಚುತ್ತಿದ್ದರು. ಎರಡು ಬೆರಳು! ಮಕ್ಕಳು ಪೆನ್ನಿನ ಮುಚ್ಚಳವನ್ನೂ ಅದಕ್ಕಿಂತ ಬಿಗಿಯಾಗಿ ಹಾಕುತ್ತಾರೆ. ಹಾಗಾಗಿ ದಿನಾ ಸಂಜೆ ನಾನು ಸ್ಪ್ಯಾನರ್ ತಂದು ಕಾಲು ಸುತ್ತು ಬಿಗಿ ಮಾಡಿ, ಡೈರಿಯಲ್ಲಿ ಗುರುತು ಹಾಕಿಕೊಂಡು, ಆಮೇಲೆ ಮನೆಗೆ ಹೋಗುತ್ತಿದ್ದೆ.

ಮೊದಲ ವರ್ಷವೇ ಇವರು ನನ್ನ ಕೋಣೆಗೆ ಬಂದು ಹೇಳಿದರು. “ಸಾರ್, ನಾಲ್ಕನೇ ವಾಲ್ವಿಗೆ ಯಾರೋ ಸ್ಪ್ಯಾನರ್ ಹಾಕ್ತಿದಾರೆ. ಒಳಗಿರೋದು ಮೆತ್ತನೆ ಪ್ಲಾಸ್ಟಿಕ್ ಬಿಲ್ಲೆ. ಕೈಯಲ್ಲಿ ಮುಚ್ಚಿದ್ರೆ ಸಾಕು, ಜಾಸ್ತಿ ಬಿಗಿದ್ರೆ ಜಜ್ಜಿಹೋಗಿ ಸೋರುತ್ತೆ.”

ನಾನು ಏನು ಹೇಳಿದೆ? ಸಭಿಕರೇ, ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ನಾನು ಹೇಳಿದೆ, “ಯಾರೂ ಹಾಕ್ತಿಲ್ಲಮ್ಮ. ನೀವು ಸರಿಯಾಗಿ ಮುಚ್ಚಿ ಮೊದ್ಲು.” ಆ ಹೊತ್ತಿಗೆ ಸ್ಪ್ಯಾನರ್ ನನ್ನ ಮೇಜಿನ ಖಾನೆಯಲ್ಲೇ ಇತ್ತು. ನಾನು ಹಾಕುತ್ತೇನೆಂದು ಒಪ್ಪಿಕೊಂಡರೆ ನನ್ನ ಕಾವಲು ಬಯಲಾಗುತ್ತದಲ್ಲ? ಅದೂ ಅಲ್ಲದೆ, ಕಳ್ಳನಿಗೊಂದು ಪಿಳ್ಳೆ ನೆವ ಎಂದುಕೊಂಡೆ. ಆ ವರ್ಷದ ಕೊನೆಗೆ ಇವರ ಸೇವಾ ಕಡತದಲ್ಲಿ ಮೂರು ವಾಕ್ಯ ಬರೆದೆ: ‘ಕೆಲಸದಲ್ಲಿ ನಿರ್ಲಕ್ಷ್ಯ. ಸೋರಿಕೆಗೆ ಇವರೇ ಕಾರಣವೆಂದು ಬಲವಾದ ಶಂಕೆ. ಸ್ವತಂತ್ರ ಜವಾಬ್ದಾರಿಗೆ ಯೋಗ್ಯರಲ್ಲ.’ ಎರಡು ಸಲ ಇವರ ಬಡ್ತಿಯನ್ನು ತಪ್ಪಿಸಿದ್ದು ಆ ಮೂರು ವಾಕ್ಯ. ನಾಳೆ ಬೆಳಗ್ಗೆ ಸಮಿತಿಯ ಮುಂದೆ ಹೋಗುವುದೂ ಅದೇ ಕಡತ.

ಎಂಟನೇ ವರ್ಷ ಮೆಟ್ಟಿಲ ಮೇಲೆ ಜಾರಿ ನನ್ನ ಕಾಲು ಮುರಿಯಿತು. ಮೂರು ತಿಂಗಳು ಮನೆಯಲ್ಲಿದ್ದೆ. ಆ ಮೂರು ತಿಂಗಳು ಒಂದು ತೊಟ್ಟೂ ಸೋರಲಿಲ್ಲ. ಬುದ್ಧಿ ಇದ್ದವನು ಅಲ್ಲಿಗೆ ಅರ್ಥ ಮಾಡಿಕೊಳ್ಳುತ್ತಿದ್ದ. ನಾನು ಮಾಡಿಕೊಂಡ ಅರ್ಥವೇ ಬೇರೆ. ನಾನಿದ್ದಾಗ ಸೋರುತ್ತದೆ, ಇಲ್ಲದಾಗ ನಿಲ್ಲುತ್ತದೆ, ಅಂದರೆ ಈಕೆ ನನ್ನ ಹೆಸರು ಕೆಡಿಸುವುದಕ್ಕೆಂದೇ ಸೋರಿಸುತ್ತಿದ್ದಾಳೆ! ಆ ಕಾಲು ಚಾಚಿಕೊಂಡು ಈ ಸಂಗತಿಯನ್ನು ನನ್ನ ಶ್ರೀಮತಿಗೆ ವಿವರಿಸಿದೆ. ಅವರು ಬಟ್ಟೆ ಮಡಚುತ್ತಾ, ತಲೆ ಎತ್ತದೆ, “ತಾನು ಕಳ್ಳ, ಪರರ ನಂಬ” ಅಂದರು. ಎರಡು ದಿನ ನಾನು ಅವರೊಂದಿಗೆ ಮಾತು ಬಿಟ್ಟೆ.

ಈಗ ಸೋಮವಾರಕ್ಕೆ ಬರುತ್ತೇನೆ. ನಾಳಿನ ಸಮಿತಿಗೆ ಒಂದು ಪುರಾವೆ ಸಿಗಲಿ ಎಂದು ಹಳೆಯ ಕಟ್ಟಡಕ್ಕೆ ಹೋದೆ. ಹೀಲಿಯಮ್ಮನವರು ಊಟಕ್ಕೆ ಹೋಗಿದ್ದರು. ಅವರ ಮೇಜಿನ ಖಾನೆ ತೆಗೆದೆ. ಹೌದು, ತೆಗೆದೆ. ಒಳಗೊಂದು ಬಿಸ್ಕತ್ತಿನ ಡಬ್ಬ. ಅದರ ತುಂಬ ಜಜ್ಜಿಹೋದ ಬಿಳಿ ಬಿಲ್ಲೆಗಳು, ಒಂದೊಂದಕ್ಕೂ ಒಂದು ಚೀಟಿ, ಚೀಟಿಯ ಮೇಲೆ ತಾರೀಕು. ಸಿಕ್ಕಿಬಿದ್ದರು ಎಂದು ನನಗಾದ ಸಂತೋಷವನ್ನು ಹೇಳಲಾರೆ. ಡಬ್ಬವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಕದ್ದೆ ಎಂದೇ ಬರೆದುಕೊಳ್ಳಿ.

ಊಟದ ಮೇಜಿನ ಮೇಲೆ ನನ್ನ ಡೈರಿಗಳನ್ನೂ ಆ ಚೀಟಿಗಳನ್ನೂ ಪಕ್ಕಪಕ್ಕ ಇಟ್ಟೆ. ಅರವತ್ತೊಂದು ಬಿಲ್ಲೆ. ನನ್ನ ಕಾಲು ಮುರಿದಿದ್ದ ಮೂರು ತಿಂಗಳಲ್ಲಿ ಒಂದೂ ಇಲ್ಲ. ನಾನು ನಿವೃತ್ತನಾದ ಮೇಲಿನ ಎರಡು ವರ್ಷದಲ್ಲಿ ಒಂದೂ ಇಲ್ಲ. ಎರಡನೇ ಸಲ ನೋಡಿದೆ. ಮೂರನೇ ಸಲವೂ ನೋಡಿದೆ. ಜೀವಮಾನದಲ್ಲಿ ಮೊದಲ ಬಾರಿಗೆ, ಎಷ್ಟು ಸಲ ನೋಡಿದರೂ ಅನುಮಾನಿಸುವುದಕ್ಕೆ ಇನ್ನೊಬ್ಬರು ಸಿಗಲಿಲ್ಲ.

ನಿನ್ನೆ ಡಬ್ಬ ಹಿಡಿದು ಇವರ ಮುಂದೆ ನಿಂತೆ. ಕಂಪ್ರೆಸರ್ ಪಕ್ಕದ ಸ್ಟೂಲಿನ ಮೇಲೆ ಕೂತು ಕೈಗವಸು ಬಿಚ್ಚುತ್ತಿದ್ದರು. ಡಬ್ಬ ನೋಡಿದರು, ಕೋಪ ಮಾಡಲಿಲ್ಲ. ಕೇಳಿದೆ, “ಯಾವಾಗ ಗೊತ್ತಾಯ್ತು, ನಾನೇ ಅಂತ?”

“ನಿಮ್ಮ ಕಾಲು ಮುರಿದಾಗ.”

“ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?”

“ಮೊದಲ್ನೇ ವರ್ಷ ಹೇಳಿದ್ನಲ್ಲ ಸಾರ್. ಕಡತದಲ್ಲಿ ಬರೆದ್ರಿ. ಇನ್ನೊಂದ್ಸಲ ಹೇಳಿದ್ರೆ ಕೆಲಸದಿಂದಾನೇ ತೆಗೀತಿದ್ರಿ.”

“ಹಾಗಾದ್ರೆ ಸೋರ್‍ಲಿ ಅಂತ ಬಿಡ್ಬೇಕಿತ್ತು. ನನ್ನ ಮಾನ ಹೋಗ್ತಿತ್ತು. ಯಾಕೆ ಬಿಲ್ಲೆ ಬದಲಾಯಿಸ್ತಾ ಕೂತ್ರಿ?”

ಇವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಅಯಸ್ಕಾಂತಕ್ಕೆ ಯಾರ ತಪ್ಪು ಅಂತ ಗೊತ್ತಾಗುತ್ತಾ ಸಾರ್? ಅದು ಬಿಸಿಯಾಗುತ್ತೆ, ಅಷ್ಟೇ.”

ಸಭಿಕರೇ, ನನಗೆ ನಾಚಿಕೆಯಾಯಿತು. ನಾನು ಹದಿನಾಲ್ಕು ವರ್ಷ ಕಾದದ್ದು ಇವರನ್ನು. ಅಯಸ್ಕಾಂತವನ್ನು ಕಾದವರು ಇವರು. ಆ ಕೆಲಸ ನನಗೆ ಬೇಕಿತ್ತು, ಸುಳ್ಳು ಹೇಳುವುದಿಲ್ಲ. ಮನೆಯಲ್ಲಿ ನನಗೆ ಬೀಗ ಎಳೆಯುವುದು ಬಿಟ್ಟರೆ ಉದ್ಯೋಗವಿಲ್ಲ. ಹೊಸ ಅಯಸ್ಕಾಂತ ದಿನಕ್ಕಿಷ್ಟು ದಿನಕ್ಕಿಷ್ಟು ತಣ್ಣಗಾಗುವುದನ್ನು ಪಕ್ಕದಲ್ಲಿ ಕೂತು ನೋಡಬೇಕೆಂಬ ಆಸೆ ಇವರಿಗೆ ಎಷ್ಟಿದೆಯೋ ನನಗೂ ಅಷ್ಟೇ ಇತ್ತು.

ಅಧ್ಯಕ್ಷರೇ, ಇದೊಂದು ಕಾಗದ. ಓದುತ್ತೇನೆ. ‘ಸದರಿಯವರ ಕಡತದಲ್ಲಿ ನಾನು ಬರೆದ ಮೂರು ವಾಕ್ಯಗಳೂ ಸುಳ್ಳು. ಕೈಯಲ್ಲಿ ಸರಿಯಾಗಿ ಮುಚ್ಚಿದ್ದ ವಾಲ್ವನ್ನು ಸ್ಪ್ಯಾನರಿನಿಂದ ಕೆಡಿಸಿ ಸೋರಿಕೆ ಮಾಡಿದವನು ನಾನು. ಅದನ್ನು ಅರವತ್ತೊಂದು ಸಲ ಸರಿಪಡಿಸಿದವರು ಅವರು. ನನ್ನ ಅರ್ಜಿಯನ್ನು ಹಿಂದಕ್ಕೆ ಪಡೆದಿದ್ದೇನೆ.’ ಆಮೇಲೆ ಕಡತಕ್ಕೆ ಸೇರಿಸುತ್ತೇನೆ ಎಂದು ಬಾಯಲ್ಲಿ ಹೇಳಬೇಡಿ, ತಮ್ಮ ಮೇಲೂ ನನಗೆ ಅಷ್ಟು ನಂಬಿಕೆಯಿಲ್ಲ. ಸ್ವೀಕರಿಸಲಾಗಿದೆ ಎಂದು ಬರೆದು ಇಲ್ಲೇ ಸಹಿ ಮಾಡಿ. ಸಹಿ ಆಗುವವರೆಗೂ ನಾನು ಮೈಕು ಬಿಡುವುದಿಲ್ಲ. ಪೆನ್ನು ಬೇಕೇ? ತೆಗೆದುಕೊಳ್ಳಿ.

ಅವರು ಬರೆಯುವಷ್ಟರಲ್ಲಿ, ಮೇಡಂ, ನಿಮಗೊಂದು ಮಾತು. ಕ್ಷಮಿಸಿದ್ದೇನೆ ಎಂದು ದಯವಿಟ್ಟು ಹೇಳಬೇಡಿ. ಹೇಳಿದರೆ ಅದನ್ನೂ ಅನುಮಾನಿಸುತ್ತೇನೆ. ಹೋಗಿ ಹೊಸದನ್ನು ತಣ್ಣಗಾಗಿಸಿ.

ಆಯಿತೇ? ಸಹಿ ಮಾಡಿದಿರಾ? ತಾರೀಕು? ಕೊಡಿ ಇಲ್ಲಿ, ಒಮ್ಮೆ ನೋಡಿಬಿಡುತ್ತೇ...

ಬೇಡ. ಮಡಚಿ ಮೇಡಂ ಕೈಗೇ ಕೊಡಿ. ನಾನು ನೋಡುವುದಿಲ್ಲ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ, ಕೇಳಿದಿರೆಂದೇ ನಾನು ನಂಬುವ, ನಿಮಗೆಲ್ಲರಿಗೂ ವಂದನೆಗಳು. ನಮಸ್ಕಾರ.