ಕಾವು ಆರದ ಮೊಟ್ಟೆಗಳು

ಲಿಫ್ಟು ಎರಡು ಮಹಡಿಗಳ ನಡುವೆ ಕೆಟ್ಟು ನಿಂತಿತ್ತು. ಹೊರಗೆ ಮೊಣಕಾಲೂರಿ ಬಾಗಿಲು ಮೀಟುತ್ತಿದ್ದ ಮೆಕ್ಯಾನಿಕ್‌ಗೆ ಬೇಡವೆಂದರೂ ಒಳಗಿನ ಮಾತು ಕಿವಿಗೆ ಬೀಳುತ್ತಿತ್ತು. ಸಿಕ್ಕಿಹಾಕಿಕೊಂಡವರು ಮೇಲಿನ ಪ್ರಯೋಗಾಲಯದ ಮೇಡಂ ಮತ್ತು ಅವರ ವಿದ್ಯಾರ್ಥಿನಿ; ಜೊತೆಗೆ ಪ್ರಯೋಗಕ್ಕೆಂದು ತಂದ ಕಾವಿನ ಕೋಳಿಮೊಟ್ಟೆಗಳು.

“ಮೊಟ್ಟೆ ತಣ್ಣಗಾಗ್ತಿದೆಯೇನೇ?”

“ಸ್ವೆಟರ್ ಸುತ್ತಿದೀನಿ ಮೇಡಂ. ಮರಿಗಳ ಮೆದುಳಿನೊಳಗೆ ರಕ್ತನಾಳ ಇಳಿಯೋ ಹೊತ್ತು. ಈಗಲೇ ಕೈ ಕೊಡ್ಬೇಕಾ ಈ ಲಿಫ್ಟು!”

“ಬೆಳೆಯೋ ಮೆದುಳಿನ ಜೀವಕೋಶ ಆಮ್ಲಜನಕ ಸಾಲದೆ ಚಡಪಡಿಸಿ ರಕ್ತನಾಳವನ್ನ ಕರೀತಿರುತ್ತೆ. ನಾಳ ಬಂದೇ ಬರುತ್ತೆ, ಬಿಡು.”

“ಬಂದ್ಮೇಲೆ ಆ ಜೀವಕೋಶವೇ ನಾಳದ ಗೋಡೆ ಬಿಗಿ ಮಾಡಿಸಿ ಅಲ್ಲೇ ಕಟ್ಟಿಹಾಕುತ್ತೆ. ಥೇಟ್ ನಿಮ್ಮ ಹಾಗೆ.”

“ನಾನೇನೇ ಕಟ್ಟಿಹಾಕಿದ್ದು?”

“ಬಿಟ್ಟು ಹೋಗ್ತೀನಿ ಅಂದಾಗೆಲ್ಲ ಹೊಸ ಮೊಟ್ಟೆ ತರಿಸ್ತೀರಿ. ಇದೊಂದು ಸಲ ಮುಗಿಸಿಕೊಡು ಅಂತೀರಿ.”

ಮೆಕ್ಯಾನಿಕ್‌ನ ಕೈ ಚುರುಕಾಯಿತು.

“ನಿನ್ನಂಥ ಕೈ ಇನ್ನೊಬ್ಬರಿಗಿಲ್ಲ ಕಣಮ್ಮ.”

“ಬಾಗಿಲು ತೆರೀಲಿ ಮೇಡಂ. ಸೀದಾ ಕೆಳಗಿಳಿದು ಬೀದಿಗೆ ಹೋಗ್ತೀನಿ. ತಿರುಗಿಯೂ ನೋಡಲ್ಲ.”

“ಹೋಗು. ಹಿಡ್ಕೊಂಡಿರೋರು ಯಾರು?”

ಬಾಗಿಲು ಒಬ್ಬರು ನುಸುಳುವಷ್ಟು ಬಿರಿಯಿತು. ಮೆಕ್ಯಾನಿಕ್ ಕೈಕೊಟ್ಟು ಹುಡುಗಿಯನ್ನು ಮೇಲೆಳೆದುಕೊಂಡ. ಕೆಳಗಿಳಿಯುವ ಮೆಟ್ಟಿಲು ಪಕ್ಕದಲ್ಲೇ ಇತ್ತು. ಅವಳು ಅತ್ತ ಹೆಜ್ಜೆಯನ್ನೂ ಇಟ್ಟಳು.

ಅಷ್ಟರಲ್ಲಿ ಸ್ವೆಟರ್ ಸುತ್ತಿದ ಪೆಟ್ಟಿಗೆಯೊಂದು ಸಂದಿಯಿಂದ ಹೊರಚಾಚಿತು. “ಅವಳ ಕೈಗೆ ಕೊಡಪ್ಪಾ, ಜೋಪಾನ,” ಎಂದರು ಮೇಡಂ.

ಮೆಕ್ಯಾನಿಕ್ ಕೊಡಲೋ ಬೇಡವೋ ಎಂದು ತಡವರಿಸಿದ. ಹುಡುಗಿಯೇ ಮರಳಿ ಬಂದು ಸ್ವೆಟರಿನೊಳಗೆ ಕೈ ಹಾಕಿ ಒಂದು ಮೊಟ್ಟೆ ಮುಟ್ಟಿ ನೋಡಿದಳು.

“ಇನ್ನೂ ಬೆಚ್ಚಗಿವೆ,” ಎಂದಳು, ಯಾರಿಗೂ ಅಲ್ಲದಂತೆ. ಪೆಟ್ಟಿಗೆಯನ್ನು ಎದೆಗವಚಿಕೊಂಡು ಮೆಟ್ಟಿಲತ್ತ ಓಡಿದಳು.

ಮೇಲಕ್ಕೆ.