ಕತ್ತರಿ ಇಟ್ಟು ಹೋಗಿ

ಸಭೆಯ ಅಧ್ಯಕ್ಷತೆ ವಹಿಸಿರುವ ಹಿರಿಯರೇ, ಈಗಷ್ಟೇ ನನಗೆ ಶಾಲು ಹೊದಿಸಿ ಪೇಟ ತೊಡಿಸಿದ ಗಣ್ಯರೇ, ತುಮಕೂರಿನ ಬಟ್ಟೆಚೀಲ ಬಳಗದ ಅಕ್ಕತಂಗಿಯರೇ, ಊಟದ ವಾಸನೆ ಬಂದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ನಾನು ಗುಬ್ಬಿಯ ರೇವಣಸಿದ್ದಯ್ಯ, ಟೈಲರ್. ನಲವತ್ತೊಂದು ವರ್ಷ ಷರಟು, ಪ್ಯಾಂಟು ಹೊಲಿದವನು. ಭಾಷಣ ನನ್ನ ಕಸುಬಲ್ಲ, ಅಳತೆ ಮೀರಿದರೆ ಚೀಟಿ ಕಳಿಸಿ. "ಹಳೇ ಬಟ್ಟೆಗೆ ಹೊಸ ಜೀವ ಕೊಟ್ಟ ಕುಶಲಕರ್ಮಿ" ಎಂದು ಸನ್ಮಾನಪತ್ರ ಓದಿದರು. ಕೇಳಲು ಚೆನ್ನಾಗಿತ್ತು. ಅದು ಎಷ್ಟು ನಿಜ?

ರೆಡಿಮೇಡ್ ಬಂದ ಮೇಲೆ ನನ್ನ ಅಂಗಡಿಗೆ ಬರುವವರು ಕಡಿಮೆಯಾದರು. ಮೂರು ವರ್ಷದ ಹಿಂದೆ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಕವರ್ ಕೊಡುವುದು ಕಮ್ಮಿಯಾದಾಗ, ಹಳೇ ಬಟ್ಟೆ ತನ್ನಿ, ಚೀಲ ಹೊಲಿದು ಕೊಡುತ್ತೇವೆ ಎಂದು ಬೋರ್ಡು ಬರೆಸಿದೆ. ಬೋರ್ಡು ಬರೆಸಿದ್ದು ನಾನೇ. ಅದರಲ್ಲಿ ಯಾರಿಗೂ ಸಂಶಯ ಬೇಡ.

ಮೊದಲ ಚೀಲವನ್ನು ನಮ್ಮ ಬೀದಿಯ ಮರಿಯಮ್ಮನವರು ಸಂತೆಗೆ ಒಯ್ದರು. ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಅದರ ತಳ ಕಿತ್ತುಹೋಯಿತು. ಮೂರು ಕೇಜಿ ಆಲೂಗಡ್ಡೆ ಬಸ್ಸಿನಡಿ ಉರುಳಿತು. ಅವರು ಚೀಲ ತಂದು ನನ್ನ ಮೇಜಿನ ಮೇಲೆ ಎಸೆದು, "ಏನ್ ಟೈಲರ್ರೋ ನೀವು! ನಾನು ಆಲೂಗಡ್ಡೆ ಆಯ್ಕೊಳೋ ತನಕ ಡ್ರೈವರ್ರು ಬಸ್ ನಿಲ್ಸ್ಕೊಂಡು ಕಾದವ್ನೆ!" ಎಂದರು.

ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನನ್ನ ಹೊಲಿಗೆ ಬಿಟ್ಟಿರಲಿಲ್ಲ. ಹರಿದಿದ್ದು ಬಟ್ಟೆ. ಒಳಗಿನಿಂದ ನನ್ನ ಹೆಂಡತಿ ಗಂಗಾಂಬಿಕೆ ಬಂದು ನೋಡಿದಳು. "ರೀ, ಪ್ಯಾಂಟಲ್ಲಿ ಕೂರೋ ಜಾಗಾನೇ ತಳಕ್ಕೆ ಇಟ್ಟಿದೀರಲ್ಲ! ಕುರ್ಚಿ ಮೇಲೆ ಉಜ್ಜಿ ಉಜ್ಜಿ ಎಷ್ಟು ಸವೆದೈತೆ ನೋಡಿ" ಎಂದಳು.

ಅಲ್ಲಿಯವರೆಗೆ ನಾನು ಕತ್ತರಿಸಿದ್ದೆಲ್ಲ ಹೊಸ ಬಟ್ಟೆ. ಹೊಸ ಬಟ್ಟೆ ಎಲ್ಲ ಕಡೆಯೂ ಒಂದೇ. ಅವಳು ಮೂವತ್ತಾರು ವರ್ಷ ಬಟ್ಟೆ ಒಗೆದವಳು. ಸೀರೆ ಎಲ್ಲಿ ಸವೆಯುತ್ತದೆ? ಹಿಮ್ಮಡಿ ತಾಗುವ ಅಂಚಿನಲ್ಲಿ, ಪಿನ್ನು ಚುಚ್ಚುವ ಭುಜದಲ್ಲಿ. ಷರಟು? ಕಾಲರಿನಲ್ಲಿ, ಕಂಕುಳಲ್ಲಿ, ಬೆನ್ನು ಮಾತ್ರ ಗಟ್ಟಿ. ಇದನ್ನೆಲ್ಲ ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಅವಳು ಒಂದೊಂದು ಬಟ್ಟೆಯನ್ನೂ ಬಾಗಿಲ ಬೆಳಕಿಗೆ ಹಿಡಿದು, ಸವೆದ ಕಡೆ ಸೀಮೆಸುಣ್ಣದ ಗೀಟು ಎಳೆದಳು. ಆಮೇಲೆ ಒಂದು ಚೀಲವೂ ತಳ ಬಿಟ್ಟಿಲ್ಲ.

ಹಾಗಾದರೆ ಕತ್ತರಿಸಿದ್ದು ಯಾರು? ಅದೂ ಅವಳೇ. ಯಾರೋ ಉಟ್ಟು ಬಿಟ್ಟ ಬಟ್ಟೆ ಮುಟ್ಟಲು ನನಗೆ ಬೇಸರ. ಹೊಲಿದಿದ್ದು? ಹಿಡಿಕೆಗಳನ್ನು ಆಗಾಗ ನಾನೂ ಹೊಲಿದಿದ್ದೇನೆ. ಚೀಲಕ್ಕೆ ಹಿಡಿಕೆ ಮುಖ್ಯ, ಸಭಿಕರೇ.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಮಾಸ್ಟರ್ ಟೈಲರನ ಕತ್ತರಿಯನ್ನು ಬೇರೆಯವರು ಮುಟ್ಟುವಂತಿಲ್ಲ. ನನಗೆ ಕೆಲಸ ಕಲಿಸಿದವರು ಕುಣಿಗಲ್ಲಿನ ಅಂಜಿನಪ್ಪನವರು. ಅವರು ತಮ್ಮ ಹತ್ತಿಂಚಿನ ಕತ್ತರಿ ನನ್ನ ಕೈಗಿಟ್ಟು, "ಇದ್ನ ಯಾರ್ ಕೈಗೂ ಕೊಡ್ಬೇಡ ಕಣ್ಲಾ" ಎಂದಿದ್ದರು. ಕೊಟ್ಟಿಲ್ಲ. ಪ್ರತಿ ಆಯುಧಪೂಜೆಗೆ ಅದಕ್ಕೆ ವಿಭೂತಿ, ಹೂವು ಇಡುವವಳು ಗಂಗಾಂಬಿಕೆಯೇ. ಕೈಗೆತ್ತಿಕೊಂಡವಳಲ್ಲ. ಈ ಮೂರು ವರ್ಷದ ಚೀಲಗಳನ್ನೆಲ್ಲ ಅವಳು ಕತ್ತರಿಸಿದ್ದು ಮೊಮ್ಮಗಳು ಪಲ್ಲವಿಯ ಸ್ಕೂಲ್ ಕತ್ತರಿಯಲ್ಲಿ. ಕೆಂಪು ಪ್ಲಾಸ್ಟಿಕ್ ಹಿಡಿಕೆಯದು, ಬಣ್ಣದ ಕಾಗದ ಕತ್ತರಿಸಲು ತಂದದ್ದು. ಅದರಲ್ಲಿ ಜೀನ್ಸ್ ಪ್ಯಾಂಟು ಕತ್ತರಿಸಿ ನೋಡಿ! ಅವಳು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕತ್ತರಿಸುತ್ತಾಳೆ. ನಾನು ಅದನ್ನು ದಿನಾ ನೋಡಿದ್ದೇನೆ. ನೋಡಿ ಸುಮ್ಮನಿದ್ದೇನೆ.

ಇವತ್ತು ಬೆಳಿಗ್ಗೆ, "ಬಾರೇ, ಸನ್ಮಾನ ನೋಡೀವಂತೆ" ಎಂದು ಕರೆದೆ. "ಊರ್ಡಿಗೆರೆ ಮದ್ವೆ ಮನೆಯೋರಿಗೆ ಸಾಯಂಕಾಲಕ್ಕೆ ನಲವತ್ತು ಚೀಲ ಆಗ್ಬೇಕು ಕಣ್ರೀ, ನೀವು ಹೋಗ್ಬನ್ನಿ" ಎಂದಳು. ನಾನು ಹೊಸ್ತಿಲು ದಾಟುವಾಗ ಹಿಂದಿನಿಂದ, ಮೂವತ್ತಾರು ವರ್ಷದಲ್ಲಿ ಮೊದಲ ಸಲ, ಕೇಳಿದಳು: "ರೀ, ಇವತ್ತೊಂದಿನ ಕತ್ತರಿ ಇಟ್ಟು ಹೋಗಿ."

"ಆಯ್ತು" ಎಂದೆ. ಈಗ ಕನ್ನಡಕಕ್ಕೆಂದು ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಇದು. ಹಿಂದೆ ಕೂತವರಿಗೆ ಕಾಣುತ್ತಿದೆಯೇ? ಕತ್ತರಿ ಇಡುವ ಡ್ರಾಯರಿನ ಬೀಗದ ಕೈ. ಮರೆತು ತಂದೆ ಎಂದು ಹೇಳಬಹುದು. ಆದರೆ ಆಯ್ತು ಎಂದ ಮೇಲೆಯೇ ಅಂಗಡಿಗೆ ಹೋಗಿ ಬೀಗ ಹಾಕಿ, ಬಿದ್ದಿದೆಯೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ.

ಪರಿಸರದ ಬಗ್ಗೆ ಇನ್ನೂ ಎರಡು ಪುಟ ಬರೆದು ತಂದಿದ್ದೆ. ಅದು ಬೇಡ. ನನಗೆ ನಾಚಿಕೆಯಾಗುತ್ತಿದೆ. ಸನ್ಮಾನಪತ್ರದಲ್ಲಿ ಹೆಸರು ತಪ್ಪಾಗಿದೆ. ಗಂಗಾಂಬಿಕೆ, ಗುಬ್ಬಿ ಎಂದು ಬಳಗದವರು ತಿದ್ದಿಸಿ ಕೊಡಬೇಕು. ಊಟಕ್ಕೆ ನಿಲ್ಲುವುದಿಲ್ಲ, ತಪ್ಪು ತಿಳಿಯಬೇಡಿ. ಒಂದೂ ಕಾಲಿಗೆ ಗುಬ್ಬಿಗೆ ಬಸ್ಸಿದೆ. ನಲವತ್ತರಲ್ಲಿ ಹತ್ತು ಚೀಲವಾದರೂ ಕತ್ತರಿಸುವುದು ಬಾಕಿ ಇರಬಹುದು.

ಕರೆಸಿದಿರಿ, ಕೂತು ಕೇಳಿದಿರಿ, ಉಪಕಾರವಾಯಿತು. ದಾರಿ ಬಿಡಿ. ನಮಸ್ಕಾರ.