ವೆಂಡೆಲ್‌ನ ಮೂರು ಅಲರ್ಜಿ

ಗ್ಯಾಲ್ವೆಸ್ಟನ್ ಬಂದರಿನಿಂದ ಹೊರಟ ಮೂರನೆಯ ಸಂಜೆ, ಪ್ರವಾಸಿ ಹಡಗಿನ ಊಟದ ಹಾಲ್‌ನ ಎದುರಿನ ಸಾಲಿನಲ್ಲಿ ನನ್ನ ಮುಂದೆ ವೆಂಡೆಲ್ ಮತ್ತು ಅವನ ಅಕ್ಕ ಕೊರಿನ್ ನಿಂತಿದ್ದರು.

"ಈರುಳ್ಳಿ, ಅಣಬೆ, ಮೀನು ಸೇರಲ್ಲ ಅಂದಿದ್ರೆ ಸಾಕಿತ್ತು. ಅಲರ್ಜಿ ಅಂತ ಯಾಕೋ ಬರೆಸ್ದೆ?"

"ಸೇರಲ್ಲ ಅಂದ್ರೆ ಯಾರ್ ಕೇಳ್ತಾರಕ್ಕ? ಅಲರ್ಜಿ ಅಂದ್ರೆ ಹೆಡ್ ವೇಟರ್ರೇ ದಿನಾ ಮರುದಿನದ ಮೆನು ಹಿಡ್ಕೊಂಡು ಬಂದು ಕೈಕಟ್ಟಿ ನಿಲ್ತಾನೆ."

"ಮಧ್ಯಾಹ್ನ ಈಜುಕೊಳದ ಹತ್ರ ಮೀನಿನ ಬರ್ಗರ್ ತಿಂದ್ಯಲ್ಲ, ಅವನೇ ನೋಡಿದಾನೆ."

"ನೋಡ್ಲಿ. ಏನಂದ?"

"ನಿಂಗೇನೂ ಅನ್ನಲ್ಲ. ನನ್ ಶೇಂಗಾ ಅಲರ್ಜಿ ನೆನಪಿಸೋಕೆ ಹೋದ್ರೆ, 'ತಮ್ಮನಿಗಿರೋ ಥರದ್ದೇನಾ ಮೇಡಂ' ಅಂತ ನಕ್ಕ."

ವೆಂಡೆಲ್ ನೆಲ ನೋಡಿದ.

"ಈಗೇನ್ ಮಾಡ್ತೀಯಕ್ಕ?"

"ನನ್ ಇಂಜೆಕ್ಷನ್ ಹಿಡ್ಕೊ. ಶೇಂಗಾ ತಿಂದು ನಂಗೆ ಉಸಿರು ಕಟ್ಟಿದ್ರೆ ತೊಡೆಗೆ ಚುಚ್ಚು. ಅಲ್ಲೀತನಕ ಮೀನು ತಿಂತಿರು."

ಬಾಗಿಲು ತೆರೆಯಿತು. ಅವನು ಇಂಜೆಕ್ಷನ್ನನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಹಿಂದೆ ಹೋದ.